ಕುರುಮಯ್ಯನ ಚೂರಿಯ ಗೀರುಗಳು

ಗದ್ವಾಲದ ಹಳೆ ಬಸ್ ಸ್ಟ್ಯಾಂಡಿನ ಹಿಂದೆ ಕಾಂತೇಶನ ಪಾಲಿಷ್ ಅಂಗಡಿ. ಅಲ್ಲಿ ಕೊಟ್ಟ ಚೂರಿಯನ್ನು ವಾಪಸು ಒಯ್ಯುವಾಗ ಕೊಟ್ಟವರಿಗೇ ಗುರುತು ಸಿಗಬಾರದು. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ರಾಯಚೂರಿನಲ್ಲಿ ಸೋದರಮಾವನ ಕೈಕೆಳಗೆ ಕಲಿತ ವಿದ್ಯೆ ಅದು. ಸಾಣೆಯ ಗಾಲಿಗೆ ಹಿಡಿದು ತುಕ್ಕಿನ ಜಂಗು ತೆಗೆದು, ಅಲಗಿನ ಮೇಲೆ ಬಳ್ಳಿ ಮೂಡಿಸಿ, ನಿಕ್ಕಲ್ ನೀರಿನಲ್ಲಿ ಅದ್ದಿ ತೆಗೆದನೆಂದರೆ ಕಬ್ಬಿಣವೂ ಬೆಳ್ಳಿಯ ಹಾಗೆ ಬೀಗುತ್ತಿತ್ತು. ಅದಕ್ಕಿಂತ ಒಂದು ಗುಂಜಿ ಹೆಚ್ಚೇ ಕಾಂತೇಶ ಬೀಗುತ್ತಿದ್ದ ಅನ್ನಿ. "ನನ್ನ ಗಾಲಿಗೆ ಬಂದ ಗೀರು ಒಂದರ ಉಳದದ್ದು ತೋರಸ್ರಿ" ಎಂದು ಬಂದವರಿಗೆಲ್ಲ ಸವಾಲು ಹಾಕುತ್ತಿದ್ದ.

ಒಂದು ಸೋಮವಾರ ಇಟಿಕ್ಯಾಲ ಕಡೆಯ ಕುರುಬರ ಶೇಖಮ್ಮ ಬಂದಳು. ಅವಳ ಗಂಡ ಕುರುಮಯ್ಯ ಹೋದ ವರ್ಷ ಕುರಿ ಹಿಂಡಿನ ಜೊತೆ ಮಕ್ತಲ್ ಕಡೆ ಹೋದವನು ಅಲ್ಲೇ ಜ್ವರ ಹತ್ತಿ ತೀರಿಕೊಂಡಿದ್ದ. ಈಗ ಮಗ ಬೀರೇಶನ ಮದುವೆ. ತುದಿಗೆ ನಿಂಬೆಹಣ್ಣು ಚುಚ್ಚಿದ ಚೂರಿಯನ್ನು ಮದುಮಗ ಮದುವೆ ಮುಗಿಯುವ ತನಕ ಕೈಯಲ್ಲಿ ಹಿಡಿದಿರಬೇಕು.

"ಅಪ್ಪ ಅಂತೂ ಇಲ್ಲ, ಅಪ್ಪನ ಚೂರಿನರ ಇರಲಿ ಅಂತ ತಂದೀನ್ರಿ," ಎಂದು ಅವಳು ಬಟ್ಟೆ ಬಿಚ್ಚಿದಳು. "ತುದಿಗಿ ಜಂಗು ಹತ್ತೈತಿ. ಅಷ್ಟು ತಿಕ್ಕಿ ಎಣ್ಣಿ ಹಚ್ಚಿ ಕೊಡ್ರಿ. ಹಿಡಿ ಹತ್ರ ಗೀರು ಅದಾವ, ಮನಿಯವ್ರು ಕೊರದದ್ದು. ಅವು ಇರಲಿ."

"ಮದುವಿ ಚೂರಿ ಯವ್ವಾ, ಲಕಲಕ ಹೊಳೀಬೇಕು. ನಿಕ್ಕಲ್ ಮಾಡಿ ಕೊಡ್ತೀನಿ. ರೊಕ್ಕ ಬ್ಯಾಡ."

"ಬ್ಯಾಡ್ರಿಯಪ್ಪಾ."

"ಬಳ್ಳಿನೂ ಬಿಡಸ್ತೀನಿ."

"ಬ್ಯಾಡ್ರಿ, ಇದ್ದಂಗ ಇರಲಿ."

ಈ ಸೀಮೆಯಲ್ಲಿ ಚಹಾ ಬೇಕಾದವರೂ ಎರಡು ಸಲ ಬೇಡ ಎನ್ನುತ್ತಾರೆ. ಊಟಕ್ಕೆ ಕೂತವರು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ, ಬಡಿಸುವವರು ಆ ಕೈ ಸರಿಸಿ ಇನ್ನೊಂದು ರೊಟ್ಟಿ ಹಾಕುತ್ತಾರೆ. ಮೊದಲ ಮಾತಿಗೇ ಹೂಂ ಎಂದವರನ್ನು ಹಿಂದಿನಿಂದ ಆಡಿಕೊಳ್ಳುವುದೂ ಉಂಟು. ಶೇಖಮ್ಮನದೂ ಅದೇ ಸಂಕೋಚ ಎಂದು ಕಾಂತೇಶ ತಿಳಿದ.

"ಆಕಿ ಬ್ಯಾಡ ಬ್ಯಾಡ ಅಂತನ ಹೋದಳಲ್ರಿ?" ಎಂದಳು ಹೆಂಡತಿ ಗಂಗಾಂಬಿಕಾ.

"ರೊಕ್ಕ ಕೊಡಾಕ ಆಗೂದಿಲ್ಲಂತ ನಾಚಿಕೊಂಡಾಳ. ನಿನಗ ತಿಳಿಯಂಗಿಲ್ಲ, ಸುಮ್ನಿರು."

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವರನ್ನು ಎಲ್ಲರೂ ಬಲ್ಲರು. ಈ ಪುಣ್ಯಾತ್ಮ ಇನ್ನೊಬ್ಬರ ಮೈಮೇಲೆ ಬಿಟ್ಟ. ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಉಸುಕಿನ ಕಾಗದದಿಂದ ಜಂಗು ತಿಕ್ಕಿದ. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿದ್ದ ಅಲಗನ್ನು ಗಾಲಿಗೆ ಹಿಡಿದು ಬೆಳ್ಳಗೆ ಮಾಡಿದ. ಹಿಡಿಯ ಹತ್ತಿರದ ಗೀರುಗಳು ಆಳವಾಗಿದ್ದವು, ಸುಲಭಕ್ಕೆ ಬಿಡಲಿಲ್ಲ. ಅವನೂ ಬಿಡಲಿಲ್ಲ. ಅವನ್ನು ಅಳಿಸಿದ ಮೇಲೆ ಅಲ್ಲೇ ಮೇಣ ಬಳಿದು, ಸೂಜಿಯಿಂದ ನಾರಾಯಣಪೇಟೆ ಸೀರೆಯ ಅಂಚಿನಂಥ ಬಳ್ಳಿ ಬರೆದು, ಆ್ಯಸಿಡ್ ಹಚ್ಚಿ ಮೂಡಿಸಿದ. ಕೊನೆಗೆ ನಿಕ್ಕಲ್. ತನ್ನ ಕೆಲಸ ನೋಡಿ ತಾನೇ ಮರುಳಾದ.

ಗುರುವಾರ ಶೇಖಮ್ಮ ಬಂದಳು. ಚೂರಿಯನ್ನು ಕೈಗೆ ತೆಗೆದುಕೊಂಡು ಈ ಮಗ್ಗಲು, ಆ ಮಗ್ಗಲು ನೋಡಿದಳು. ಸೆರಗಿನಿಂದ ಒರೆಸಿದಳು. ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದಳು.

"ಗೀರು ಎಲ್ಲದಾವ್ರಿ?"

"ನನ್ನ ಕೈಯಾಗ ಗೀರು ಉಳಿತಾವೇನ್ ಯವ್ವಾ?" ಕಾಂತೇಶ ಹಲ್ಲು ಬಿಟ್ಟು ನಕ್ಕ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಗಂಗಾಂಬಿಕಾ ನೀರು ತಂದಳು. ನೀರು ಹಿಡಿದುಕೊಂಡೇ ಶೇಖಮ್ಮ ಹೇಳಿದಳು.

"ಮೂರು ಗೀರು ಇದ್ದವ್ರಿ. ಮೊದಲನೇದು ಬೀರೇಶಂದು, ಕಡೀದು ಮಗಳು ರಜಿತಾಂದು. ಮನಿಯವ್ರು ಹಿಂಡಿನ ಸಂಗಟ ಇರೋರು. ಕೂಸು ಹುಟ್ಟಿದ ಸುದ್ದಿ ಮುಟ್ಟಿದ ದಿನ ಚೂರಿಗೊಂದು ಗೀರು ಹಾಕೋರು. ನಡುವಿನಾಕಿ ಹನ್ನೊಂದು ದಿನ ಇದ್ಳು. ಹನ್ನೆರಡಕ್ಕ ತೊಟ್ಲಾಗ ಹಾಕಿ ಹೆಸರಿಡೂದಿತ್ತು. ಅವ್ರು ಊರಿಗಿ ಬರೂದ್ರಾಗ ಮಣ್ಣು ಮಾಡಿದ್ವಿ. ಆ ಮಣ್ಣಿನ ಮ್ಯಾಲೂ ಈಗ ಕಾಲುವಿ ತೋಡ್ಯಾರ. ಹೆಸರಿಲ್ಲ, ಫೋಟೋ ಇಲ್ಲ. ಆಕಿ ಇದ್ದದ್ದಕ್ಕ ಅದೊಂದ ಗೀರು ಇತ್ರಿ."

ಕಾಂತೇಶ ಅವಳ ಎದುರು ಕುಕ್ಕರಿಸಿದ. "ಅವತ್ತ ಯಾಕ ಹೇಳಲಿಲ್ಲ ಯವ್ವಾ?"

"ಮದುವಿ ಮಾತಾಡೂ ಮುಂದ ಸತ್ತ ಕೂಸಿನ ಸುದ್ದಿ ಹೆಂಗ ತಗೀಲಿ? ಇರಲಿ ಅಂತ ಅಂದಿದ್ನಲ್ರಿ."

ಅಂದಿದ್ದಳು. ಒಂದಲ್ಲ, ಮೂರು ಸಲ ಅಂದಿದ್ದಳು. ಅವನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಒಳಗೆ ಓಡಿ ಕೊರೆಯುವ ಮೊಳೆ ತಂದ. "ಎಲ್ಲಿದ್ದವು ತೋರಸು. ಹಂಗ ಹಾಕಿ ಕೊಡ್ತೀನಿ."

ಶೇಖಮ್ಮ ಹೆಬ್ಬೆರಳಿಟ್ಟಳು. ಕಣ್ಣು ಮುಚ್ಚಿದಳು. ದಿನಾ ಸವರಿದ ಜಾಗ ಅದು. "ಇಲ್ಲೇ," ಎಂದಳು. ಬೆರಳು ಜಾರಿತು. "ಅಲ್ಲ, ಇನ್ನಾ ಮ್ಯಾಲ." ಮತ್ತೆ ಕೆಳಗೆ ಬಂದಳು. ನಿಕ್ಕಲ್ಲಿನ ನುಣುಪಿನ ಮೇಲೆ ಬೆರಳು ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಕೈ ತೆಗೆದಳು.

"ಬಿಡ್ರಿ. ನೀವು ಹಾಕಿದ್ರ ನಿಮ್ಮ ಗೀರು ಆಕ್ಕಾವ. ಚಲೋ ಮನಸಿನಿಂದ ಮಾಡೀರಿ."

ಬೈದಿದ್ದರೆ ಕಾಂತೇಶನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು.

"ಮನಿಯವ್ರು ಹೋದ ಮ್ಯಾಲ ಅದನ್ನ ನೋಡಿದಾಕಿ ನಾನೊಬ್ಬಾಕಿನ ಅನ್ಕೊಂಡಿದ್ದೆ. ಬೀರೇಶಗೂ ರಜಿತಾಗೂ ಹೇಳಿಲ್ಲ. ಅಳಸೂ ಮುಂದ ನೀವು ನೋಡಿರಬೇಕಲ್ರಿ? ನಡುವಿಂದು ಒಂದೀಟು ಸಣ್ಣದಿತ್ತು, ಹೌದಿಲ್ಲೋ?"

ಗಂಗಾಂಬಿಕಾ ಗಂಡನ ಮುಖ ನೋಡಿದಳು. ಕಾಂತೇಶ ಕೈಯಲ್ಲಿದ್ದ ಮೊಳೆಯನ್ನು ಕೆಳಗಿಟ್ಟ.

"ಹೌದು ಯವ್ವಾ," ಎಂದ. "ಸಣ್ಣದಿತ್ತು. ನೋಡೀನಿ."

"ಅಷ್ಟ ಸಾಕ್ರಿಯಪ್ಪಾ," ಎಂದು ಶೇಖಮ್ಮ ಅವನಿಗೆ ಕೈ ಮುಗಿದಳು. ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಕಾಂತೇಶ ಗಾಲಿಯ ಮುಂದೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಗೀರು ಎಷ್ಟಿದ್ದವು ಎಂದು ಅವನು ಎಣಿಸಿಯೂ ಇರಲಿಲ್ಲ.