ಮೂರನೆಯ ಹಾವು

ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಅವಳನ್ನು ಹಾವಕ್ಕ ಎಂದೇ ಕರೆಯುತ್ತಿದ್ದರು. ಅವಳ ಜೀವವೆಲ್ಲ ಒಂದೇ ಕುಲದ ಹಾವುಗಳ ಮೇಲೆ. ಪೆನ್ಸಿಲ್ಲಿಗಿಂತ ತೆಳ್ಳಗೆ, ಮಣ್ಣೊಳಗೆ ಎರೆಹುಳ ತಿಂದುಕೊಂಡು ತಮ್ಮ ಪಾಡಿಗೆ ತಾವಿರುವ ಹಾವುಗಳು. ಆ ಕುಲದಲ್ಲಿ ಇರುವುದು ಎರಡೇ ಪ್ರಭೇದ, ಒಂದು ಕಂದು, ಒಂದು ಕರಿ ಎಂಬುದು ಬಲ್ಲವರ ಮಾತು. ಮೂರನೆಯದೂ ಇದೆ ಎಂದು ಹಾವಕ್ಕನ ಹಟ. ಸಂಗ್ರಹಾಲಯದ ಹಳೇ ಗಾಜಿನ ಜಾಡಿಯಲ್ಲಿ ಕೆಡದಂತೆ ಇಟ್ಟ, ಕುತ್ತಿಗೆಗೆ ಬಿಳಿ ಪಟ್ಟಿಯಿದ್ದ ಒಂದು ಪುಟ್ಟ ಹಾವಿತ್ತು. ಅವಳಿಗಿದ್ದ ಆಧಾರ ಅದೊಂದೇ.

"ಅದು ಕಂದು ಹಾವಿನ ಮರಿ ಕಣಮ್ಮ," ಎನ್ನುತ್ತಿದ್ದರು ಅವಳಿಗೆ ವಿದ್ಯೆ ಕಲಿಸಿದ ಮೇಷ್ಟ್ರು. "ಬೆಳೆದ ಮೇಲೆ ಪಟ್ಟಿ ಮಾಯವಾಗುತ್ತೆ. ಪಟ್ಟಿಯಿರೋ ದೊಡ್ಡ ಹಾವು ತೋರಿಸು, ಒಪ್ಕೋತೀನಿ."

ಹಾವಕ್ಕ ವರ್ಷಗಟ್ಟಲೆ ಕಲ್ಲು ಮಗುಚಿದಳು, ಗೊಬ್ಬರದ ಗುಂಡಿ ಕೆದಕಿದಳು. ಕಂದು ಸಿಕ್ಕಿತು, ಕರಿ ಸಿಕ್ಕಿತು. ಪಟ್ಟಿಯದರ ಸುಳಿವೇ ಇಲ್ಲ.

ಒಂದು ಬೆಳಿಗ್ಗೆ, ಹೂಗಿಡ ಮಾರುವ ಅವಳ ಅಕ್ಕ ಫೋನ್ ಮಾಡಿದಳು.

"ಕುಂಡ ಎತ್ತಿದ್ರೆ ಅಡಿಯಲ್ಲಿ ನಿನ್ನ ನೆಂಟರು ಮಲಗಿದ್ದಾರೆ. ಬಂದು ಕರ್ಕೊಂಡ್ಹೋಗು."

"ಕುತ್ತಿಗೆ ನೋಡಿದ್ಯಾ, ಅಕ್ಕ?"

"ಜರಡಿ ಮುಚ್ಚಿ ಮೇಜು ಹತ್ತಿ ನಿಂತಿದೀನಿ. ಹಾವಿಗೆ ಮೈಯೆಲ್ಲ ಕುತ್ತಿಗೇನೇ ಅಲ್ವೇನೇ, ಯಾವುದನ್ನ ನೋಡಲಿ?"

ಹಾವಕ್ಕ ಬಿದ್ದಂಬೀಳ ಓಡಿದಳು. ಜರಡಿ ಎತ್ತಿದಾಗ ಕುತ್ತಿಗೆಯ ಸುತ್ತ ಬಿಳಿ ಪಟ್ಟಿ ಫಳ್ಳನೆ ಹೊಳೆಯಿತು. ಅಂಗೈಗೆ ತೆಗೆದುಕೊಂಡು ಮೆಲ್ಲಗೆ ಹೊರಳಿಸಿದಳು. ಹೊಟ್ಟೆಯ ತೆಳು ಚರ್ಮದೊಳಗೆ ಮೊಟ್ಟೆಗಳು ಸಾಲಾಗಿ ಕಾಣುತ್ತಿದ್ದವು.

"ಅಕ್ಕ, ಇದು ಬಸುರಿ."

"ಅಯ್ಯೋ ಪಾಪ," ಎಂದ ಅಕ್ಕ ಮೇಜಿನಿಂದ ಮಾತ್ರ ಇಳಿಯಲಿಲ್ಲ.

ಸಂಗ್ರಹಾಲಯಕ್ಕೆ ತಂದ ಹಾವನ್ನು ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಬೆನ್ನಿನ ಹುರುಪೆಗಳ ಸಾಲನ್ನು ಕಂದು ಹಾವಿನದರ ಜೊತೆ ಹೋಲಿಸಿದರು, ಅದೂ ತಾಳೆಯಾಗಲಿಲ್ಲ. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು.

"ಬಸುರಿಯನ್ನ ಮರಿ ಅನ್ನೋಕಾಗಲ್ಲ. ಸೋತೆ ಕಣಮ್ಮ. ಸೋತು ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು."

ಅವರೇ ಬಾಗಿಲಿಗೆ ಹೋಗಿ ಪಕ್ಕದ ಕೋಣೆಗಳವರನ್ನೆಲ್ಲ ಕರೆದರು. ಮೇಜಿನ ಸುತ್ತ ಜನ ಮುಗಿಬಿದ್ದರು. ಹಾವಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೊಸ ಪ್ರಭೇದಕ್ಕೆ ಅವಳು ಅಕ್ಕನ ಹೆಸರನ್ನೇ ಇಟ್ಟಳು.

"ನನ್ನ ಹೆಸರಿಡೋಕೆ ಲೋಕದಲ್ಲಿ ಬೇರೇನೂ ಸಿಗಲಿಲ್ವಾ ನಿನಗೆ?" ಎಂದು ಅಕ್ಕ ರೇಗಿದಳು. ಆದರೆ ಅವತ್ತು ಗಿಡ ಕೊಳ್ಳಲು ಬಂದ ಒಬ್ಬರನ್ನೂ ಆ ಸುದ್ದಿ ಹೇಳದೆ ಕಳಿಸಲಿಲ್ಲ.