ವಿದೊಸಾವನ ದನಿ

ಮುಚ್ಚಳ ಹಾಕುವ ಮೊದಲು ಗೆಳೆಯ ಗ್ವೊಜ್ದೆನ್ ಶವಪೆಟ್ಟಿಗೆಯ ಮೇಲೆ ಬಾಗಿ, ಸತ್ತವನ ಬಲಗೈ ಪಕ್ಕದಲ್ಲಿ ತಗಡಿನ ಡಬ್ಬಿಯೊಂದನ್ನು ಇಡಲು ಜಾಗ ಮಾಡುತ್ತಿದ್ದ. ಕೋಟಿನ ತೋಳು ಅಡ್ಡ ಬರುತ್ತಿತ್ತು.

“ಸ್ವಲ್ಪ ಎತ್ತಿ ಹಿಡ್ಕೋ ತಿಹೊ,” ಎಂದ. “ಇದಿಲ್ದೆ ಹೋದ್ರೆ ಅಲ್ಲಿ ಇವನನ್ನ ಯಾರೂ ಗುರುತು ಹಿಡಿಯಲ್ಲ.”

ತಿಹೊಮಿರ್ ಸತ್ತ ಗೆಳೆಯ ವಿದೊಸಾವನ ತೋಳನ್ನು ಎತ್ತಿ ಹಿಡಿದ. ಸುತ್ತ ನಿಂತಿದ್ದವರ ಕೈಯಲ್ಲಿ ಮೇಣದ ಬತ್ತಿಗಳು ಉರಿಯುತ್ತಿದ್ದವು. ವಿದೊಸಾವನ ಹೆಂಡತಿ ಸ್ಲಾವ್ಕಾ ಶಿಲುಬೆಯ ಗುರುತು ಮಾಡಿಕೊಂಡಳು; ಡಬ್ಬಿಯ ಕಡೆ ನೋಡಲಿಲ್ಲ.

ನೀಶ್ ಊರಿನ ಮದುವೆಗಳಲ್ಲಿ ನಲವತ್ತು ವರ್ಷ ಗಿಟಾರ್ ನುಡಿಸಿದವನು ವಿದೊಸಾವ್. ಆ ಡಬ್ಬಿ ಅವನು ಹರೆಯದಲ್ಲಿ ತಾನೇ ಬೆಸುಗೆ ಹಾಕಿ ಮಾಡಿದ ಫೇಸರ್. ತಂತಿಯ ದನಿ ಅದರೊಳಗೆ ಹೊಕ್ಕರೆ ನೀರಿನ ಸುಳಿಯಂತೆ ತಿರುಗಿ ಹೊರಬರುತ್ತಿತ್ತು. ಬೇರೆಯವರು ಅಂಗಡಿಯ ಫೇಸರ್ ತಂದು ನುಡಿಸಿದರೂ ಆ ಸುಳಿ ಬರಲಿಲ್ಲ.

*

ಅದನ್ನು ಕಂಪ್ಯೂಟರಿನಲ್ಲಿ ಹಿಡಿಯಬೇಕೆಂಬ ಹುಚ್ಚು ತಿಹೊಮಿರನದು. ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ನೇರ ವಿದೊಸಾವನ ಗ್ಯಾರೇಜಿಗೆ ಹೋಗುತ್ತಿದ್ದ. ಡಬ್ಬಿಯಲ್ಲಿ ನಾಲ್ಕು ಟ್ರಾನ್ಸಿಸ್ಟರುಗಳಿದ್ದವು. ನಾಲ್ಕೂ ಬಾಗಿಲುಗಳ ಹಾಗೆ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಬೇಕು. ಆದರೆ ಒಂದೊಂದಕ್ಕೂ ಒಂದೊಂದು ಸ್ವಭಾವ. ಒಂದು ಬೇಗ ಮುಚ್ಚುತ್ತಿತ್ತು, ಇನ್ನೊಂದು ಬಿಸಿಯಾದರೆ ಸೋಮಾರಿಯಾಗುತ್ತಿತ್ತು. ಅವುಗಳ ನಡವಳಿಕೆಯನ್ನೆಲ್ಲ ಅಳೆದು, ಸಮೀಕರಣಗಳಲ್ಲಿ ಕೂರಿಸಿ, ತಿಹೊಮಿರ್ ಮೂರು ಚಳಿಗಾಲ ಕಳೆದ. ಕೊನೆಗೆ ಒಂದೇ ಒಂದು ದೋಷ ಉಳಿಯಿತು. ಸುಳಿ ಕೆಳಗಿಳಿದು ತಿರುಗುವ ಕಡೆ, ಎರಡನೆಯ ಟ್ರಾನ್ಸಿಸ್ಟರ್ ಪೂರ್ತಿ ಮುಚ್ಚಿಕೊಂಡಾಗ, ಉಗುರಿನಿಂದ ಗಾಜು ತಟ್ಟಿದಷ್ಟು ಸಣ್ಣ ಟಿಕ್ ಸದ್ದು. ನಿಜವಾದ ಡಬ್ಬಿಯಲ್ಲಿ ಅದಿರಲಿಲ್ಲ.

ವಿದೊಸಾವ್ ಕಣ್ಣು ಮುಚ್ಚಿ ಕೇಳಿದ್ದ.

“ಟಿಕ್ ಬಿಡು, ಅದನ್ನ ಯಾರು ಕೇಳ್ತಾರೆ,” ಎಂದ ಆಮೇಲೆ. “ಆದ್ರೆ ಇದು ಅದಲ್ಲ ತಿಹೊ. ಸತ್ತ ದನಿ. ಇದರ ಹಿಂದೆ ಬಿದ್ದು ಆಯಸ್ಸು ಕಳೀಬೇಡ.”

ಆ ಕಿವಿಯ ಮೇಲೆ ತಿಹೊಮಿರನಿಗೆ ತನ್ನ ಕಿವಿಗಿಂತ ಹೆಚ್ಚು ನಂಬಿಕೆ. ತನ್ನ ಕಂಪ್ಯೂಟರಿನಲ್ಲಿದ್ದುದನ್ನು ಅಂದೇ ಅಳಿಸಿದ; ಕೇಳಿಸಲೆಂದು ವಿದೊಸಾವನ ಕಂಪ್ಯೂಟರಿಗೆ ಹಾಕಿದ್ದ ಪ್ರತಿ ಅಲ್ಲೇ ಉಳಿಯಿತು. ಮುಂದೆ ಯಾವ ಹೊಸ ಕೆಲಸಕ್ಕೂ ಕೈ ಹಾಕಲಿಲ್ಲ. ಹಾಕಬೇಕೆನ್ನಿಸಿದಾಗಲೆಲ್ಲ “ಸತ್ತ ದನಿ” ಎಂಬ ಮಾತು ಎದುರು ಬಂದು ನಿಲ್ಲುತ್ತಿತ್ತು.

*

ಮಣ್ಣು ಮಾಡಿ ಬಂದವರು ಮನೆಯಲ್ಲಿ ಊಟಕ್ಕೆ ಕೂತರು. ಬೇಯಿಸಿದ ಗೋಧಿ ಒಂದೊಂದು ಚಮಚ, ಆಮೇಲೆ ಮೀನು, ಬೀನ್ಸು, ಹಣ್ಣಿನ ಸಾರಾಯಿ ರಾಕಿಯಾ.

“ಅಳುಬುರುಕರ ಊಟ ಬೇಡ, ನನ್ನ ಗಿಟಾರೇ ಹಾಕಿ ಅಂದಿದ್ದ ವಿದೊಸಾವ್,” ಎನ್ನುತ್ತ ಗ್ವೊಜ್ದೆನ್ ಸ್ಪೀಕರ್ ಹಚ್ಚಿದ. “ಹೋದ ಬೇಸಿಗೆ ಮದುವೇಲಿ ರೆಕಾರ್ಡ್ ಮಾಡಿದ್ದು. ಕೇಳಿ, ವಯಸ್ಸಾದಷ್ಟೂ ಡಬ್ಬಿ ಹೆಂಗೆ ಹಣ್ಣಾಗಿದೆ.”

ಗಿಟಾರಿನ ದನಿ ಏರಿತು, ಸುತ್ತಿತು, ಇಳಿಯಿತು. ತಿರುಗುವ ಕಡೆ, ಟಿಕ್.

ತಿಹೊಮಿರನ ಚಮಚ ನಿಂತಿತು. ಮತ್ತೊಂದು ಸುತ್ತಿಗೆ ಕಾದ. ಟಿಕ್. ಎದ್ದು ಅಡುಗೆಮನೆಗೆ ಹೋದ. ಸ್ಲಾವ್ಕಾ ಬ್ರೆಡ್ ಕೊಯ್ಯುತ್ತಿದ್ದಳು.

“ಡಬ್ಬಿ ಯಾವಾಗ ಕೆಡ್ತು ಸ್ಲಾವ್ಕಾ?”

ಅವಳು ಕೊಯ್ಯುವುದನ್ನು ನಿಲ್ಲಿಸಲಿಲ್ಲ. “ಗ್ಯಾರೇಜಿಗೆ ನೀರು ನುಗ್ಗಿತ್ತಲ್ಲ, ಆ ವರ್ಷ.”

“ಅಲ್ಲಿಂದ ನಂದನ್ನೇ ನುಡಿಸ್ತಿದ್ನಾ?”

“ವೇದಿಕೆ ಹಿಂದೆ ಬಟ್ಟೆ ಮುಚ್ಚಿ ಕಂಪ್ಯೂಟರ್ ಇಡ್ತಿದ್ದ. ಡಬ್ಬಿ ಕಾಲ ಹತ್ರ, ತೋರಿಸೋಕೆ.”

“ಸತ್ತ ದನಿ ಅಂದಿದ್ದ.”

“ನೀನು ಹೋದ ಮೇಲೆ ಬೆಳಗಿನ ತನಕ ಅದನ್ನೇ ಹಚ್ಚಿಕೊಂಡು ಅತ್ತ.” ಚಾಕು ಕೆಳಗಿಟ್ಟಳು. “ಅದು ಸರಿಯಿದೆ ಅಂದಿದ್ರೆ ಅವನಿಗೇನು ಉಳೀತಿತ್ತು ಹೇಳು. ಇವತ್ತೊಂದು ದಿನ ಸುಮ್ನಿದ್ದು ಬಿಡು.”

“ನಂಗೇನು ಉಳೀತು ಅಂತ ಯಾವತ್ತಾದ್ರೂ ಮಾತಾಡ್ಕೊಂಡ್ರಾ ಇಬ್ರೂ?”

ಸ್ಲಾವ್ಕಾ ಬ್ರೆಡ್ ತಟ್ಟೆ ಎತ್ತಿಕೊಂಡು ಹೊರಟಳು.

ಅವನು ಮೇಜಿಗೆ ಮರಳಿದಾಗ ಗ್ವೊಜ್ದೆನ್ ಅವನ ಕೈಗೆ ತುಂಬಿದ ಗ್ಲಾಸು ಕೊಟ್ಟ. “ಅವನ ಜೊತೆ ಎಲ್ರಿಗಿಂತ ಜಾಸ್ತಿ ಕೂತೋನು ನೀನು. ಒಂದು ಮಾತಾಡು.”

ರೂಢಿಯಿದ್ದರೂ ತಿಹೊಮಿರ್ ಸತ್ತವನ ಹೆಸರಿನಲ್ಲಿ ನೆಲಕ್ಕೆ ನಾಲ್ಕು ಹನಿ ಬಿಡಲಿಲ್ಲ. ಗ್ಲಾಸು ಹಿಡಿದು ಹಾಗೇ ನಿಂತ.

“ಈ ದನಿ ನಂದು,” ಎಂದ.

ಯಾರೋ ಮೂಗು ಒರೆಸಿಕೊಂಡರು. ಗ್ವೊಜ್ದೆನ್‌ನ ಕಣ್ಣು ತುಂಬಿತು. “ನಂದೂ ಕಣೋ. ನಮ್ಮೆಲ್ರದೂ.”

“ಹಾಗಲ್ಲ. ಡಬ್ಬಿ ಕೆಟ್ಟು ವರ್ಷಗಳಾಗಿವೆ. ನೀವು ಕೇಳ್ತಿರೋದು ನಾನು ಮಾಡಿದ್ದು. ಸ್ಲಾವ್ಕಾನ ಕೇಳಿ.”

ಎಲ್ಲರೂ ಅವಳತ್ತ ತಿರುಗಿದರು. ಸ್ಲಾವ್ಕಾ ಕಪ್ಪು ಏಪ್ರನ್ನಿಗೆ ಕೈ ಒರೆಸಿಕೊಂಡಳು.

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಪಾಪ,” ಎಂದಳು. “ರಾಕಿಯಾ ತಲೆಗೇರಿದೆ. ಕೂರಿಸ್ರಪ್ಪ ಅವನನ್ನ.”

ಹೇಳಿ, ಸ್ಪೀಕರಿನ ಹತ್ತಿರ ಹೋಗಿ ದನಿ ಜೋರು ಮಾಡಿದಳು. ಗ್ವೊಜ್ದೆನ್ ಗೆಳೆಯನ ಹೆಗಲಿಗೆ ತೋಳು ಹಾಕಿ, ಕಣ್ಣು ಮುಚ್ಚಿ, ಹಾಡಿನ ಲಯಕ್ಕೆ ಅವನನ್ನೂ ಸೇರಿಸಿಕೊಂಡು ಅತ್ತಿತ್ತ ತೂಗತೊಡಗಿದ. ತುಟಿ ಮುಟ್ಟದ ಗ್ಲಾಸಿನಿಂದ ರಾಕಿಯಾ ತುಳುಕಿ, ತಿಹೊಮಿರನ ಮಣಿಕಟ್ಟಿನಿಂದ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು.