ಬೆಳ್ಳಗಾಗಿಹೋದ ಮದುಮಗ

ಮದುಮಗ ಹರಿಪ್ರಸಾದ್, ಮದುಮಗಳು ಶರ್ಮಿಳಾ ಕೈ ಕೈ ಹಿಡಿದು ಸುಳ್ಯದ ಹೊರಗಿನ ಹಳೆಯ ಕಲ್ಲುಕೋರೆಯ ನೀರಲ್ಲಿ ಮುಳುಗಿದರು. ನೀರೊಳಗೇ ಫೋಟೋಗ್ರಾಫರ್ ಆಫ್ರಾಳ ಎರಡು ಫ್ಲ್ಯಾಶ್‌ಗಳು ಫಳ್ಳನೆ ಮಿಂಚಿದವು. ಮೂವರೂ ಬುಸ್ಸೆಂದು ಮೇಲೆದ್ದರು. ಮದುವೆಗೆ ಮುಂಚಿನ ಫೋಟೋ ನೀರೊಳಗೇ ಆಗಬೇಕೆಂದು ಹಟ ಹಿಡಿದವಳು ಶರ್ಮಿಳಾ. ತನ್ನ ಅಣ್ಣ ದುಬೈಯಿಂದ ಕಳಿಸಿದ, ನೀರು ಹೊಗದ ಕ್ಯಾಮೆರಾಕ್ಕೆ ಇದೇ ಮೊದಲ ಕೆಲಸವಾದ್ದರಿಂದ ಆಫ್ರಾಳ ಖುಷಿಗೆ ಮೇರೆಯೇ ಇರಲಿಲ್ಲ.

ಕ್ಯಾಮೆರಾದ ತೆರೆಯಲ್ಲಿ ನೋಡಿದರೆ, ಮದುಮಗ ಸುಣ್ಣ ಬಳಿದ ಗೋಡೆ! ಮೂಗು ನಾಪತ್ತೆ, ಮೀಸೆ ಅರ್ಧ.

ದಡದಲ್ಲಿದ್ದ ಹರಿಪ್ರಸಾದನ ತಾಯಿ ಪೂವಮ್ಮ ಹಿಗ್ಗಿ ಹೀರೆಕಾಯಿಯಾದರು. “ಅಯ್ಯೋ, ಎಷ್ಟು ಬೆಳ್ಳಗೆ ಬಂದಿದ್ದಾನೆ! ಇದೇ ಇರಲಿ ಆಫ್ರಾ, ಇನ್ನು ಮುಟ್ಟುದು ಬೇಡ.”

“ನಂಗೆ ಬೇಡ ಅತ್ತೆ,” ಎಂದಳು ಶರ್ಮಿಳಾ. “ನಾನು ಒಪ್ಪಿದ್ದು ಕಪ್ಪು ಹುಡುಗನನ್ನು. ಇವ ಯಾರು?”

ನಗುತ್ತಲೇ ಹೇಳಿದಳು, ಆದರೆ ಕಣ್ಣು ತುಂಬಿತ್ತು. ಮದುವೆ ಹಾಲ್‌ನ ಬಾಗಿಲಲ್ಲಿ ಆಳೆತ್ತರ ನಿಲ್ಲುವ ಫೋಟೋ ಅದು. ಆಫ್ರಾಳಿಗೆ ನಾಚಿಕೆಯಾಯಿತು. ಆಲ್ಬಮ್‌ಗಳಲ್ಲಿ ಮುಖಗಳನ್ನು ಬೆಳ್ಳಗೆ ಮಾಡಿ ಮಾಡಿ ಹೊಗಳಿಸಿಕೊಂಡ ಕೈ ಅವಳದು.

ಷಟರ್‌ನ ವೇಗ ಏರಿಸಿ ಮತ್ತೆ ಫೋಟೋ ತೆಗೆದಳು. ನೀರು ಕಪ್ಪಾಯಿತು, ಮದುಮಗ ಬಿಳಿಯೇ. ಇನ್ನೂ ಏರಿಸಿದಳು. ನೀರು ಅಮಾವಾಸ್ಯೆಯಾಯಿತು, ಮದುಮಗ ಜಪ್ಪಯ್ಯ ಎಂದರೂ ಕಪ್ಪಾಗಲಿಲ್ಲ.

“ಸತ್ತವರಿಗೆ ಆಟಿ ತಿಂಗಳಲ್ಲಿ ಪ್ರೇತದ ಮದುವೆ ಮಾಡುದುಂಟಲ್ಲ, ಈ ಫೋಟೋ ಅದಕ್ಕೆ ಆಗಬಹುದು,” ಎಂದರು ಹರಿಪ್ರಸಾದನ ತಂದೆ ಬೆಳ್ಯಪ್ಪ.

“ಬಿಡ್ತು ಅನ್ನಿ!” ಪೂವಮ್ಮ ಗದರಿದರು. ಹರಿಪ್ರಸಾದ್ ನಕ್ಕು ನೀರು ಕುಡಿದ, ಶರ್ಮಿಳಾ ಅವನ ಬೆನ್ನು ಗುದ್ದಿದಳು, ನಗು ತಡೆಯಲಾರದೆ ಆಫ್ರಾ ಕ್ಯಾಮೆರಾ ಸಮೇತ ಒಂದು ಸಲ ಮುಳುಗಿ ಎದ್ದಳು.

ಆ ನಗುವಿನಲ್ಲೇ ತಲೆಗೆ ಹೊಳೆಯಿತು. ಷಟರ್ ಹಿಡಿತಕ್ಕೆ ಸಿಗುವುದು ಬಿಸಿಲು ಮಾತ್ರ. ಫ್ಲ್ಯಾಶ್ ಕ್ಷಣಮಾತ್ರದಲ್ಲಿ ಬಂದು ಹೋಗುತ್ತದೆ, ಅದಕ್ಕೆ ಷಟರ್‌ನ ಹಂಗಿಲ್ಲ. ಸಾಲದ್ದಕ್ಕೆ ಆಟೋ ಮೋಡ್‌ನಲ್ಲಿಟ್ಟ ಫ್ಲ್ಯಾಶ್ ಹಿಂದಿನ ಕತ್ತಲೆಯನ್ನು ಕಂಡು, ಇದ್ದಬದ್ದ ಬೆಳಕನ್ನೆಲ್ಲ ಪಾಪದ ಹುಡುಗನ ಮುಖಕ್ಕೇ ಸುರಿಯುತ್ತಿತ್ತು. ಆಫ್ರಾ ಆಟೋ ಮೋಡ್ ತೆಗೆದಳು. ಫ್ಲ್ಯಾಶ್‌ನ ಬಲವನ್ನು ಕಾಲು ಭಾಗಕ್ಕಿಳಿಸಿ, ಲೆನ್ಸಿನ ಕಂಡಿಯನ್ನು ಕಿರಿದು ಮಾಡಿದಳು. ನೀರಿಗೆ ಹಸಿರು ಮರಳಲಿ ಎಂದು ಷಟರ್ ವೇಗವನ್ನು ಇಳಿಸಿದಳು.

“ಇನ್ನೊಂದೇ ಸಲ ಮಾರಾಯ್ರೆ!”

ಈ ಸಲ ತೆರೆಯ ತುಂಬ ಹಸಿರು ನೀರು. ಅದರೊಳಗೆ ಒಳ್ಳೆ ಕಪ್ಪಗೆ, ಪೂರ್ತಿ ಮೀಸೆಯೊಂದಿಗೆ, ಗುಳ್ಳೆ ಬಿಡುತ್ತ ನಗುವ ಹರಿಪ್ರಸಾದ್.

“ಹಾಂ, ಇವ ನನ್ನವ!” ಎಂದು ಕೂಗಿದ ಶರ್ಮಿಳಾ, ಅತ್ತೆ ಇರುವುದು ನೆನಪಾಗಿ ನಾಲಗೆ ಕಚ್ಚಿಕೊಂಡಳು.

ಪೂವಮ್ಮ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಮಗನಷ್ಟೇ ಕಪ್ಪಗಿದ್ದ ಗಂಡನ ಕಡೆ ತಿರುಗಿದರು.

“ನೀವೂ ನೀರಿಗೆ ಇಳಿಯಿರಿ.”

“ನಾನಾ? ಎಂತಕ್ಕೆ?”

“ನಮ್ಮ ಮದುವೆ ಫೋಟೋದಲ್ಲಿ ಸ್ಟುಡಿಯೋದವ ನಿಮ್ಮನ್ನೂ ಬೆಳ್ಳಗೆ ಮಾಡಿ ಇಟ್ಟಿದ್ದಾನೆ. ನಾನು ಮದುವೆ ಆದವರ ಫೋಟೋ ನನ್ನ ಹತ್ತಿರ ಒಂದೂ ಇಲ್ಲ.”

ಅಷ್ಟು ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರೇ ಮೊದಲು ನೀರಿಗಿಳಿದರು.